ಬುಟ್ಟಿ ಹೊತ್ತವಳ ಮಾತು

ಜೂನ್ ತಿಂಗಳ ಎರಡನೆಯ ವಾರ. ಘಟ್ಟದಲ್ಲಿ ಮಳೆ ಹಿಡಿದು ತುಂಗೆ ಕೆಂಪಾಗಿದ್ದಳು. ಶಿವಮೊಗ್ಗದ ಮೀನು ಮಾರುಕಟ್ಟೆಯಲ್ಲಿ ನಾನು ಯಾವಾಗಲೂ ಕೊಳ್ಳುವ ಅಕ್ಕನ ಮುಂದೆ ಹೊಳೆಮೀನಿನ ಸಣ್ಣದೊಂದು ಗುಡ್ಡೆ. ನನಗಿಂತ ಮೊದಲು ನಿಂತಿದ್ದವರು “ಮೊಟ್ಟೆ ಇರೋದನ್ನೇ ಆರಿಸಿ ಕೊಡಮ್ಮ” ಅಂದರು. ಅಕ್ಕ ಒಂದನ್ನು ಎತ್ತಿ, ಹೊಟ್ಟೆಯನ್ನು ಹೆಬ್ಬೆರಳಲ್ಲಿ ಒತ್ತಿ ನೋಡಿ, ಮೆಟ್ಟುಗತ್ತಿಗೆ ಕೊಟ್ಟರು. ಹಳದಿ ಮೊಟ್ಟೆ ಎರಡು ಎಸಳಾಗಿ ಹೊರಬಂತು. ಗಿರಾಕಿ ಸಂತೋಷದಿಂದ ಹೊರಟರು. ನನ್ನ ಸರದಿ ಬಂದಾಗ ಅಕ್ಕ ಕೈ ತೊಳೆಯುತ್ತಾ ಅಂದರು: “ಈ ತಿಂಗ್ಳಲ್ಲಿ ಎಲ್ಲಾದ್ರಲ್ಲೂ ಮೊಟ್ಟೆ ಅಕ್ಕ. ಕುಯ್ಯಕ್ಕೆ ಮನಸ್ಸಾಗಲ್ಲ. ಕುಯ್ಯದಿದ್ರೆ ಯಾರೂ ತಗಳಲ್ಲ.”

“ಹಿಡಿಯೋರಿಗೆ ಹೇಳಬಾರದಾ?”

“ಹೇಳಿದ್ರೆ ಕೇಳ್ತಾರಾ? ಹೊಳೆ ವಿಷ್ಯ ನಿಂಗೇನ್ ಗೊತ್ತು, ನೀನ್ ಮಾರು ಅಂತಾರೆ.”

ಆ ಮಾತು ಅಂದಿನಿಂದ ನನ್ನನ್ನು ಬಿಟ್ಟಿಲ್ಲ. ಶಿವಮೊಗ್ಗದವರೇ, ಭದ್ರಾವತಿಯವರೇ, ಅದನ್ನು ನಿಮ್ಮ ಮುಂದೆ ಇಡಲೆಂದೇ ಇದನ್ನು ಬರೆಯುತ್ತಿದ್ದೇನೆ.

ಹೊಳೆಯ ವಿಷಯ ಆ ಅಕ್ಕನಿಗೆ ಗೊತ್ತಿಲ್ಲವೇ? ದಿನಕ್ಕೆ ನೂರು ಮೀನಿನ ಹೊಟ್ಟೆ ತೆರೆಯುವ ಕೈ ಅದು. ಯಾವ ಮೀನು ಯಾವ ತಿಂಗಳಲ್ಲಿ ಮೊಟ್ಟೆ ಕಟ್ಟುತ್ತದೆ, ಅಂಗೈ ಅಗಲ ಬರುತ್ತಿದ್ದ ಜಾತಿ ಯಾವ ವರ್ಷದಿಂದ ಎರಡು ಬೆರಳಿಗೆ ಇಳಿಯಿತು, ಯಾವ ಕಡೆಯಿಂದ ಬಂದ ಮೀನಿನ ಕಿವಿರು ಕಪ್ಪಾಗಿರುತ್ತದೆ, ಯಾವುದರ ಕರುಳಲ್ಲಿ ಪ್ಲಾಸ್ಟಿಕ್ಕಿನ ಎಳೆ ಸಿಗುತ್ತದೆ, ಯಾವುದನ್ನು ಎಷ್ಟು ಸಲ ತೊಳೆದರೂ ಚರಂಡಿಯ ವಾಸನೆ ಹೋಗುವುದಿಲ್ಲ ಎಂಬುದನ್ನು ಅವರು ಮೂವತ್ತು ವರ್ಷದಿಂದ ಬೆರಳ ತುದಿಯಲ್ಲಿ ಓದುತ್ತಾ ಬಂದಿದ್ದಾರೆ. ಬಲೆ ಬೀಸುವವರ ತಿಳಿವನ್ನು ನಾನು ಕಡಿಮೆ ಮಾಡುತ್ತಿಲ್ಲ. ನೀರಿನ ಸೆಳವು, ಮಡುವಿನ ಆಳ, ಗಾಳಿಯ ದಿಕ್ಕು ಅವರಿಗೆ ಗೊತ್ತು. ಆದರೆ ಮೀನಿನ ಒಳಗೇನಿದೆ ಎಂದು ಬಲ್ಲವರು ಬೇರೆ. ಆ ತಿಳಿವನ್ನು ಬರೆದಿಟ್ಟುಕೊಳ್ಳಲು ನಮ್ಮ ಯಾವ ಕಚೇರಿಯಲ್ಲೂ ಒಂದು ಪುಸ್ತಕವಿಲ್ಲ, ಅದನ್ನು ಕೇಳಲು ಯಾವ ಸಭೆಯಲ್ಲೂ ಒಂದು ಕುರ್ಚಿಯಿಲ್ಲ.

ಮಲೆನಾಡಿನಲ್ಲಿ ಹತ್ತುಮೀನು ಎನ್ನುತ್ತೇವೆ. ಮೊದಲ ಮಳೆಯ ಹೊಸನೀರಿನ ವಾಸನೆ ಹಿಡಿದು ಮೀನುಗಳು ಹೊಳೆಯಿಂದ ಹಳ್ಳಕ್ಕೆ, ಹಳ್ಳದಿಂದ ಗದ್ದೆಯ ತೋಡಿಗೆ ಹತ್ತಿ ಬಂದು ಮೊಟ್ಟೆ ಇಡುತ್ತವೆ. ಆ ನಾಲ್ಕು ರಾತ್ರಿ ಬ್ಯಾಟರಿ, ಕತ್ತಿ, ಕೂಣಿ ಹಿಡಿದು ಗಂಡಸರು ಹಳ್ಳಕ್ಕಿಳಿಯುತ್ತಾರೆ. ಹೆರಿಗೆಗೆ ತವರಿಗೆ ಹೊರಟ ಬಸುರಿಯನ್ನು ದಾರಿಯಲ್ಲಿ ತಡೆದಂತೆ ಅದು. ಮೊಟ್ಟೆ ಇಡಲು ಹೊರಟ ಮೀನನ್ನು ಹಿಡಿಯಬೇಡಿ ಎಂದು ಇಲಾಖೆ ಹೇಳುತ್ತಲೇ ಇರುತ್ತದೆ. ಹಿಡಿಯುವವರು ಹಿಡಿಯುತ್ತಲೇ ಇರುತ್ತಾರೆ. ಕೊಳ್ಳುವ ನಾವು ಮೊಟ್ಟೆ ಇದ್ದದ್ದನ್ನೇ ಬೇಡುತ್ತೇವೆ. ಇಷ್ಟು ಜನರ ನಡುವೆ ಮನಸ್ಸಾಗಲ್ಲ ಎಂದದ್ದು ಒಬ್ಬ ಹೆಂಗಸು, ಅದೂ ಕೈ ತೊಳೆಯುತ್ತಾ, ಯಾರಿಗೂ ಕೇಳಿಸದಷ್ಟು ಮೆಲ್ಲಗೆ.

ಸಂರಕ್ಷಣೆ ಎಂಬ ದೊಡ್ಡ ಪದವನ್ನು ಬಿಡಿಸಿ ನೋಡಿದರೆ ಒಳಗೆ ಇರುವುದು ಒಂದೇ ಪುಟ್ಟ ಮಾತು: ಸಾಕು. ಇವತ್ತಿಗೆ ಇಷ್ಟು ಸಾಕು, ಈ ತಿಂಗಳು ಬೇಡ, ಇದು ಇನ್ನೂ ಮರಿ, ಬಿಟ್ಟುಬಿಡು. ಹನ್ನೆರಡನೆಯ ಶತಮಾನದ ಆಯ್ದಕ್ಕಿ ಲಕ್ಕಮ್ಮನ ಕತೆ ನಮ್ಮ ಮಕ್ಕಳಿಗೂ ಗೊತ್ತು. ಗಂಡ ಮಾರಯ್ಯ ಅಂಗಳದಲ್ಲಿ ಚೆಲ್ಲಿದ ಅಕ್ಕಿ ಆಯ್ದು ತರುತ್ತಿದ್ದ. ಒಂದು ದಿನ ಎಂದಿಗಿಂತ ಹೆಚ್ಚು ತಂದ. ಲಕ್ಕಮ್ಮ ಅದನ್ನು ಒಲೆಗೆ ಹಾಕಲಿಲ್ಲ, ಇಷ್ಟು ನಮಗೆ ಬೇಡ, ಇದ್ದಲ್ಲಿಗೇ ಸುರಿದು ಬಾ ಎಂದು ಹಿಂದಕ್ಕೆ ಕಳಿಸಿದಳು. ಎಂಟುನೂರು ವರ್ಷದಿಂದ ಆ ಕತೆಯನ್ನು ಭಕ್ತಿಯ ಕತೆಯೆಂದು ಹೇಳುತ್ತಾ ಬಂದಿದ್ದೇವೆ. ಅಲ್ಲಿ ಇನ್ನೂ ಒಂದು ಸಂಗತಿ ಇದೆ. ಲಕ್ಕಮ್ಮ ಸಾಕು ಎಂದಳು, ಮಾರಯ್ಯ ಕೇಳಿದ. ಕೇಳದಿದ್ದರೆ ಆ ಕತೆಯೇ ಹುಟ್ಟುತ್ತಿರಲಿಲ್ಲ. ನಮ್ಮ ಹೊಳೆ ದಂಡೆಯಲ್ಲಿ, ಕಡಲ ದಂಡೆಯಲ್ಲಿ ಲಕ್ಕಮ್ಮಂದಿರಿಗೆ ಬರವಿಲ್ಲ. ಕೇಳುವ ಕಿವಿಗೆ ಬರ.

ಶಿವಮೊಗ್ಗ ಕಡಲಿಲ್ಲದ ಊರು, ಮೀನುಗಾರರ ಮಾತು ನಮಗೇಕೆ ಎನ್ನಬೇಡಿ. ನಮ್ಮ ಜಿಲ್ಲೆಯ ಮಳೆ ಎರಡು ಕಡಲಿಗೆ ಹೋಗುತ್ತದೆ. ತೀರ್ಥಹಳ್ಳಿ ತಾಲ್ಲೂಕಿನ ಅಂಬುತೀರ್ಥದಲ್ಲಿ ಹುಟ್ಟಿದ ಶರಾವತಿ ಜೋಗದಲ್ಲಿ ಧುಮುಕಿ ಹೊನ್ನಾವರದಲ್ಲಿ ಪಡುಗಡಲು ಸೇರುತ್ತಾಳೆ. ಗಂಗಾಮೂಲದಿಂದ ಹೊರಟ ತುಂಗೆ ಶಿವಮೊಗ್ಗವನ್ನೂ, ಭದ್ರೆ ಭದ್ರಾವತಿಯನ್ನೂ ಹಾದು, ಕೂಡ್ಲಿಯಲ್ಲಿ ಕೂಡಿ, ಕೃಷ್ಣೆಯ ಜತೆಯಾಗಿ ಮೂಡಣ ಕಡಲಿಗೆ ಹರಿಯುತ್ತಾರೆ. ನಾವು ಚರಂಡಿಗೆ ಬಿಟ್ಟದ್ದು ಬಂಗಾಳ ಕೊಲ್ಲಿಯ ಬಲೆಗೆ ಸಿಗುತ್ತದೆ. ನಾವು ಉರಿಸಿದ ದೀಪದ ಲೆಕ್ಕವನ್ನು ಹೊನ್ನಾವರದ ಅಳಿವೆ ತೀರಿಸುತ್ತದೆ.

ಈ ಎರಡನೆಯ ಮಾತನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಯಾಕೆಂದರೆ ಇದನ್ನು ನಮ್ಮೂರಲ್ಲಿ ಯಾರೂ ಹೇಳಿದ್ದನ್ನು ನಾನು ಕೇಳಿಲ್ಲ.

ಅಳಿವೆ ಎಂದರೆ ಸಿಹಿನೀರು ಉಪ್ಪುನೀರು ಕೂಡುವ ಜಾಗ. ಮಳೆಗಾಲದಲ್ಲಿ ಹೊಳೆಯ ಕೈ ಮೇಲಾಗಿ ನೀರು ಸಪ್ಪೆಯಾಗುತ್ತದೆ, ಬೇಸಗೆಯಲ್ಲಿ ಕಡಲು ಒಳನುಗ್ಗಿ ಉಪ್ಪಾಗುತ್ತದೆ. ಈ ಏರಿಳಿತದ ಲಯಕ್ಕೆ ಬೆಳಚು ಬೆಳೆಯುತ್ತದೆ. ಉತ್ತರ ಕನ್ನಡದಲ್ಲಿ ಬೆಳಚು, ದಕ್ಷಿಣಕ್ಕೆ ಹೋದರೆ ಮರುವಾಯಿ ಎನ್ನುತ್ತಾರೆ. ಚಿಪ್ಪಿನೊಳಗಿನ ಆ ಮೃದು ಮಾಂಸ ಕರಾವಳಿಯ ಬಡವರ ಮನೆಯ ಸಾರು. ಇಳಿತದ ಹೊತ್ತಿಗೆ ಸೊಂಟಮಟ್ಟದ ನೀರಲ್ಲಿ ನಿಂತು, ಕಾಲ ಬೆರಳಲ್ಲಿ ಕೆಸರು ತಡಕಿ, ಬುಟ್ಟಿ ತುಂಬಿಕೊಳ್ಳುವ ಕೆಲಸ ಅದು. ದೋಣಿ ಬೇಡ, ಡೀಸೆಲ್ ಬೇಡ, ಸಾಲ ಬೇಡ. ಅದಕ್ಕೇ ಅದು ಹೆಂಗಸರಿಗೂ ಎಟುಕುವ ಕೆಲಸವಾಗಿ ಬಂದಿದೆ, ಅದಕ್ಕೇ ಅದನ್ನು ಮೀನುಗಾರಿಕೆ ಎಂದು ಯಾರೂ ಕರೆಯುವುದಿಲ್ಲ.

1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿಯಿತು. ವಿದ್ಯುತ್ ಮಾಡಿ ಬಿಟ್ಟ ನೀರು ಬೇಸಗೆಯಲ್ಲೂ ಎಡೆಬಿಡದೆ ಕೆಳಗಿಳಿಯತೊಡಗಿತು. ಆಮೇಲೆ ಗೇರುಸೊಪ್ಪೆಯ ಅಣೆಕಟ್ಟೂ ಬಂತು. ಶರಾವತಿ ಅಳಿವೆಯಲ್ಲಿ ಬೇಸಗೆಯ ಉಪ್ಪು ಇಳಿದುಹೋಯಿತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪರಿಸರ ವಿಜ್ಞಾನಿಗಳು ಈ ಅಳಿವೆಯನ್ನೂ, ಪಕ್ಕದ ಕುಮಟಾ ತಾಲ್ಲೂಕಿನ ಅಘನಾಶಿನಿ ಅಳಿವೆಯನ್ನೂ ಹೋಲಿಸಿ ನೋಡಿದ್ದಾರೆ. ಅಣೆಕಟ್ಟು ಕಾಣದ ಅಘನಾಶಿನಿಯಲ್ಲಿ ಸಾವಿರಾರು ಜನ ಬೆಳಚು ಆಯ್ದು ಬದುಕುತ್ತಿದ್ದರೆ, ಶರಾವತಿಯಲ್ಲಿ ಬೆಳಚು ಬಹುಪಾಲು ಅಳಿದಿತ್ತು. 2024ರ ಆರಂಭದಲ್ಲಿ ಅಘನಾಶಿನಿ ಅಳಿವೆ ಜಗತ್ತಿನ ಮುಖ್ಯ ಜೌಗುಭೂಮಿಗಳ ರಾಮ್ಸಾರ್ ಪಟ್ಟಿಗೆ ಸೇರಿತು; ಅದು ನಾಡಿಗೇ ಹೆಮ್ಮೆ. ಅಷ್ಟು ದೂರವೇ ಇಲ್ಲದ ಶರಾವತಿಯ ದಂಡೆಯ ಹೆಂಗಸರು ಯಾವ ಪಟ್ಟಿಗೂ ಸೇರಲಿಲ್ಲ. ಲಿಂಗನಮಕ್ಕಿಯಲ್ಲಿ ಮುಳುಗಡೆಯಾದವರಿಗೆ ಕಾಗದದ ಮೇಲಾದರೂ ಸಂತ್ರಸ್ತರು ಎಂಬ ಹೆಸರು ಸಿಕ್ಕಿತು. ಅವರ ನೋವನ್ನು ಬರೆಯಲು ನಾ. ಡಿಸೋಜ ಅವರಂಥ ಲೇಖಕರು ಸಾಗರದಲ್ಲಿದ್ದರು. ನೀರಿನ ಉಪ್ಪು ಕಳೆದು ಬುಟ್ಟಿ ಬರಿದಾದವಳಿಗೆ ಯಾವ ಹೆಸರೂ ಇಲ್ಲ. ಅವಳ ಮನೆ ಮುಳುಗಲಿಲ್ಲ, ಜಮೀನು ಹೋಗಲಿಲ್ಲ, ಹಾಗಾಗಿ ಅವಳು ಏನನ್ನೂ ಕಳೆದುಕೊಂಡಿಲ್ಲ ಎಂದು ಸರ್ಕಾರದ ಲೆಕ್ಕ.

2019ರ ಜುಲೈ 10ರಂದು, ಶರಾವತಿಯನ್ನು ಬೆಂಗಳೂರಿಗೆ ಒಯ್ಯಬೇಡಿ ಎಂದು ನಮ್ಮ ಜಿಲ್ಲೆ ಬಂದ್ ಆಚರಿಸಿತು. ಅದು ನ್ಯಾಯವಾದ ಕೂಗು. ಆ ದಿನ ನಾನೂ ನಮ್ಮ ಹೊಳೆ, ನಮ್ಮ ಹಕ್ಕು ಎಂದೆ. ಆ ‘ನಮ್ಮ’ದೊಳಗೆ ಹೊನ್ನಾವರದ ಬೆಳಚಿನ ಹೆಂಗಸು ಇದ್ದಳೇ ಎಂದು ನಾನು ಕೇಳಿಕೊಳ್ಳಲಿಲ್ಲ. ನನ್ನ ಮನೆಯ ಫ್ರಿಜ್ಜಿನಲ್ಲಿ ಮೀನು ಕೆಡದಂತೆ ಕಾಯುವ ಕರೆಂಟಿನಲ್ಲಿ ಅವಳ ಬರಿದಾದ ಬುಟ್ಟಿಯ ಪಾಲಿದೆ. ಈಗ ಅದೇ ಕಣಿವೆಯಲ್ಲಿ 2,000 ಮೆಗಾವ್ಯಾಟಿನ ಪಂಪ್ಡ್ ಸ್ಟೋರೇಜ್ ಯೋಜನೆಯ ಮಾತು ನಡೆದಿದೆ. ಸಿಂಗಳೀಕದ ಬಗ್ಗೆ, ಕಾಡಿನ ಬಗ್ಗೆ ದನಿ ಎದ್ದಿದೆ, ಏಳಬೇಕು. ಅಳಿವೆಯ ಉಪ್ಪಿನ ಬಗ್ಗೆ, ಆ ಉಪ್ಪನ್ನು ನಂಬಿದ ಹೆಂಗಸರ ಬಗ್ಗೆಯೂ ಅದೇ ದನಿಯಲ್ಲಿ ಕೇಳೋಣ. ಶರಾವತಿಯ ಬಾಯಲ್ಲೇ ಇರುವ ಕಾಸರಕೋಡು ಟೊಂಕದಲ್ಲಿ ಬಂದರಿನ ಕಾಮಗಾರಿಯ ವಿರುದ್ಧ ಮೀನುಗಾರರು ವರ್ಷಗಳಿಂದ ಹೋರಾಡುತ್ತಿದ್ದಾರೆ. ಅಲ್ಲಿ ಹೆಂಗಸರು ಮೀನು ಒಣಗಿಸುವ ಮರಳ ದಂಡೆಯಲ್ಲೇ ಕಡಲಾಮೆ ಬಂದು ಮೊಟ್ಟೆ ಇಡುತ್ತದೆ. ಪೊಲೀಸರೆದುರು ಮೊದಲ ಸಾಲಿನಲ್ಲಿ ನಿಂತವರೂ ಆ ಹೆಂಗಸರೇ. ಆಮೆಯ ದಂಡೆ ಅವರ ಅಂಗಳ. ಬೇರೆ ಯಾರಿಗಿಂತ ಮೊದಲು ಅದನ್ನು ಕಾದವರು ಅವರು.

ನಮ್ಮ ಊಟದೆಲೆಗೆ ಬರೋಣ. ಆಗುಂಬೆ ಘಾಟಿ, ಹುಲಿಕಲ್ ಘಾಟಿ ಹತ್ತಿ ಬರುವ ಬಂಗುಡೆ, ಭೂತಾಯಿ, ಅಂಜಲ್ ಇಲ್ಲದೆ ನಮ್ಮ ಭಾನುವಾರ ಕಳೆಯುವುದಿಲ್ಲ. ಭೂತಾಯಿಯ ಕತೆ ಕೇಳಿ. ನೆರೆಯ ಕೇರಳದಲ್ಲಿ 2012ರಲ್ಲಿ ಸುಮಾರು 3.9 ಲಕ್ಷ ಟನ್ ಭೂತಾಯಿ ಸಿಕ್ಕಿತ್ತು. 2021ರಲ್ಲಿ ಸಿಕ್ಕಿದ್ದು 3,297 ಟನ್. ಕೇಂದ್ರ ಕಡಲ ಮೀನುಗಾರಿಕೆ ಸಂಶೋಧನಾ ಸಂಸ್ಥೆ ಕೊಟ್ಟ ಲೆಕ್ಕ ಇದು. ಕಡಲು ಬಿಸಿಯಾದದ್ದು ಒಂದು ಕಾರಣ, ಮೊಟ್ಟೆ ಇಡುವ ವಯಸ್ಸಿಗೆ ಬರುವ ಮೊದಲೇ ಮರಿಗಳನ್ನು ಬಾಚಿದ್ದು ಇನ್ನೊಂದು. ಮರಿಮೀನು ಎಲ್ಲಿಗೆ ಹೋಗುತ್ತದೆ? ಬಹುಪಾಲು ಮೀನುಹಿಟ್ಟಿನ ಕಾರ್ಖಾನೆಗೆ, ಅಲ್ಲಿಂದ ಕೋಳಿಗೆ, ಸಾಕಿದ ಸಿಗಡಿಗೆ ಆಹಾರವಾಗಿ.

ಇಲ್ಲಿ ಗಂಡು ಹೆಣ್ಣಿನ ಲೆಕ್ಕ ಹೇಗೆ ಬಂತು ಎನ್ನುತ್ತೀರಾ? ಸಣ್ಣ ಮೀನು ಹಿಂದೆ ಹೆಂಗಸರದಾಗಿತ್ತು. ದಡದಲ್ಲಿ ಅದನ್ನು ಕೊಂಡು, ಉಪ್ಪು ಹಾಕಿ, ಬಿಸಿಲಿಗೆ ಹರಡಿ, ಒಣಮೀನು ಮಾಡಿ ನಮ್ಮ ಸಂತೆಗಳಿಗೆ ಕಳಿಸುತ್ತಿದ್ದವರು ಅವರು. ಮಲೆನಾಡಿನ ಜಡಿಮಳೆಯ ಮೂರು ತಿಂಗಳು ಎಷ್ಟು ಮನೆಗಳ ಗಂಜಿಗೆ ಆ ಒಣಮೀನೇ ನಂಜಿಕೊಳ್ಳಲು ಇತ್ತು! ಕಾರ್ಖಾನೆಯ ಲಾರಿ ದಡಕ್ಕೆ ಬಂದು ರಾಶಿಗೆ ರಾಶಿಯೇ ತುಂಬಿಕೊಂಡು ಹೋದರೆ ಬುಟ್ಟಿಯವಳು ಆ ಬೆಲೆಗೆ ಕೂಗಲಾರಳು. ಅಂದರೆ ಕಡಲಿನ ಮರಿಯನ್ನೂ ಹೆಂಗಸಿನ ಕೆಲಸವನ್ನೂ ಒಂದೇ ಲಾರಿ ಹೊತ್ತೊಯ್ಯುತ್ತಿದೆ. ನಮ್ಮ ಅಡುಗೆಮನೆಗಳಲ್ಲಿ ನಡುತುಂಡು ಗಂಡಸರ ತಟ್ಟೆಗೆ, ತಲೆ ಬಾಲ ಅಡುಗೆ ಮಾಡಿದವಳಿಗೆ ಎಂಬ ಪದ್ಧತಿ ಇನ್ನೂ ಸತ್ತಿಲ್ಲ. ಮುಳ್ಳುಸಮೇತ ತಿನ್ನುವ ಸಣ್ಣ ಮೀನು ಮಾತ್ರ ಎಲ್ಲರಿಗೂ ಸಮನಾಗಿ ಸಿಗುತ್ತಿತ್ತು. ಬಾಣಂತಿಯ, ಬೆಳೆಯುವ ಹುಡುಗಿಯ ಎಲುಬಿಗೆ ಬೇಕಾದ ಸುಣ್ಣ, ರಕ್ತಕ್ಕೆ ಬೇಕಾದ ಕಬ್ಬಿಣ ಅದರಲ್ಲಿತ್ತು. ಮರಿಮೀನು ಹಿಟ್ಟಾದಾಗ ಮೊದಲು ಹಸಿಯುವ ದೇಹ ಯಾವುದೆಂದು ಇದರಿಂದ ತಿಳಿಯುತ್ತದೆ.

ಜೂನ್ 1ರಿಂದ ಜುಲೈ 31ರವರೆಗೆ 61 ದಿನ ನಮ್ಮ ಪಡುಗಡಲಲ್ಲಿ ಯಾಂತ್ರಿಕ ದೋಣಿಗಳಿಗೆ ನಿಷೇಧ. ಒಳ್ಳೆಯ ನಿಯಮ, ಇನ್ನೂ ಬಿಗಿಯಾಗಬೇಕು. ಆದರೆ ಆ ನಿಯಮ ಬರೆದ ಕೈಗೆ ಮೀನುಗಾರಿಕೆ ಎಂದರೆ ದೋಣಿ ಮಾತ್ರ. ದೋಣಿಗೆ ತೆರಿಗೆ ಇಲ್ಲದ ಡೀಸೆಲ್ ಇದೆ, ನಾಡದೋಣಿಗೆ ಸೀಮೆಎಣ್ಣೆ ಇದೆ. ಬುಟ್ಟಿಗೆ, ಐಸಿಗೆ, ಬೆಳಗಿನ ಜಾವದ ಬಸ್ಸಿಗೆ ಏನಿದೆ? ಆ ಎರಡು ತಿಂಗಳು ಬುಟ್ಟಿಯವಳು ಕಡಲನ್ನು ಉಳಿಸಲೆಂದು ತನ್ನ ಸಂಪಾದನೆ ಬಿಡುತ್ತಾಳೆ. ಅದನ್ನು ತ್ಯಾಗ ಎಂದು ಯಾರೂ ಬರೆದುಕೊಳ್ಳುವುದಿಲ್ಲ. 2023ರ ರಾಜ್ಯ ಬಜೆಟ್ ಮೀನುಗಾರ ಮಹಿಳೆಯರ ಬಡ್ಡಿರಹಿತ ಸಾಲವನ್ನು 50,000 ರೂಪಾಯಿಯಿಂದ 3 ಲಕ್ಷಕ್ಕೆ ಏರಿಸುವ ಮಾತಾಡಿತು. ಸಂತೋಷ. ಸಾಲಕ್ಕೆ ಮಾತ್ರ ನೆನಪಾಗುವವಳು ನಿರ್ಧಾರಕ್ಕೆ ಯಾವಾಗ ನೆನಪಾಗುತ್ತಾಳೆ?

ಹೆಂಗಸರೆಲ್ಲ ಹುಟ್ಟಿನಿಂದಲೇ ಹೊಳೆ ಕಾಯುವ ದೇವತೆಗಳು ಎಂದು ನಾನು ಹೇಳುತ್ತಿಲ್ಲ. ಹಾಗೆ ಹೇಳಿದರೆ ಅದು ಇನ್ನೊಂದು ಹೊರೆ. ವಾರದ ಕಂತು ಕಟ್ಟಬೇಕಾದ ಹೆಂಗಸು ಮರಿಮೀನನ್ನೂ ಮಾರುತ್ತಾಳೆ, ಮೊಟ್ಟೆಯ ಮೀನನ್ನೂ ಮಾರುತ್ತಾಳೆ. ಬಾಗಿಲಲ್ಲಿ ಕಂತಿನವರು ಕೂತಿರುವಾಗ ಹೊಳೆಯ ನಾಳೆಯನ್ನು ನೆನೆಯುವ ಬಿಡುವು ಯಾರಿಗಿದೆ? ಆ ಅಕ್ಕನ ಕೈ ತಡೆದು ತಡೆದು ಕೊನೆಗೆ ಮೆಟ್ಟುಗತ್ತಿಗೆ ಮೀನು ಕೊಟ್ಟದ್ದು ಇದೇ ಕಾರಣಕ್ಕೆ. ಸಾಕು ಎನ್ನಲು ತಿಳಿವಿದ್ದರೆ ಸಾಲದು. ಹಾಗೆಂದ ದಿನವೂ ಮನೆಯ ಒಲೆ ಉರಿಯಬೇಕು, ಹಾಗೆಂದವಳ ಮಾತಿಗೆ ಸಂಘದಲ್ಲಿ ಬೆಲೆ ಇರಬೇಕು. ಈ ಎರಡನ್ನು ಕೊಡದೆ ಅವಳಿಂದ ಸಂರಕ್ಷಣೆ ಬಯಸುವುದು ಅನ್ಯಾಯ.

ಕೊಟ್ಟಲ್ಲಿ ಏನಾಗಿದೆ ನೋಡಿ. ತಮಿಳುನಾಡಿನ ರಾಮನಾಥಪುರಂ ಕರಾವಳಿಯಲ್ಲಿ ಕಡಲಪಾಚಿ ಕೀಳುವ ಹೆಂಗಸರು ತಾವೇ ಕೂತು ಮಾತಾಡಿ, ತಿಂಗಳಿಗೆ 12 ದಿನ ಮಾತ್ರ ನೀರಿಗಿಳಿಯುವುದು ಎಂದು ಕಟ್ಟು ಮಾಡಿಕೊಂಡರು. ಪಾಚಿ ಮತ್ತೆ ಬೆಳೆಯಲು ಬಿಡುವು ಸಿಕ್ಕಿತು. ಅವರ ಮುಂದಾಳು ಲಕ್ಷ್ಮಿ ಮೂರ್ತಿ ಅವರಿಗೆ 2015ರಲ್ಲಿ ಸೀಕಾಲಜಿ ಪ್ರಶಸ್ತಿ ಬಂತು. ದಕ್ಷಿಣ ಕೊರಿಯಾದ ಜೆಜು ದ್ವೀಪದ ಹೇನ್ಯೊ ಹೆಂಗಸರು ಆಮ್ಲಜನಕದ ಸಿಲಿಂಡರು ಇಲ್ಲದೆ, ಒಂದು ಉಸಿರಿಗೆ ಎಷ್ಟು ಸಿಗುತ್ತದೋ ಅಷ್ಟನ್ನೇ ಕಡಲತಳದಿಂದ ತರುತ್ತಾರೆ. 2016ರಲ್ಲಿ ಯುನೆಸ್ಕೊ ಅವರ ಬಾಳನ್ನು ಮನುಕುಲದ ಪರಂಪರೆ ಎಂದು ಮನ್ನಿಸಿತು. ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ ಸಣ್ಣ ಮೀನುಗಾರಿಕೆಗೆ 2014ರಲ್ಲಿ ಕೊಟ್ಟ ಮಾರ್ಗಸೂಚಿಯಲ್ಲಿ ಗಂಡು ಹೆಣ್ಣಿನ ಸಮಾನತೆ ಒಂದು ತಳಹದಿ. ಜಗತ್ತಿನ ಸಣ್ಣ ಮೀನುಗಾರಿಕೆಯಲ್ಲಿ ದುಡಿಯುವ ಹತ್ತು ಜನರಲ್ಲಿ ನಾಲ್ವರು ಹೆಂಗಸರು ಎಂದು ಅದೇ ಸಂಸ್ಥೆಯ ಅಧ್ಯಯನ ಹೇಳುತ್ತದೆ. ಹತ್ತರಲ್ಲಿ ನಾಲ್ವರನ್ನು ಹೊರಗೆ ನಿಲ್ಲಿಸಿ ಆಡಿದ ಮಾತು ಅರ್ಧ ಮಾತು.

ನಮ್ಮಲ್ಲೂ ಕಟ್ಟುಪಾಡಿನ ನೆನಪು ಅಳಿದಿಲ್ಲ. ತೀರ್ಥಹಳ್ಳಿ ಹತ್ತಿರದ ಚಿಬ್ಬಲಗುಡ್ಡೆಯಲ್ಲಿ ತುಂಗೆಯ ಮಡುವಿನ ಮೀನು ದೇವರ ಮೀನು. ಯಾರೂ ಗಾಳ ಹಾಕುವುದಿಲ್ಲ. ಶೃಂಗೇರಿಯಲ್ಲೂ ಹಾಗೆಯೇ. ಕಾವಲುಗಾರನಿಲ್ಲದೆ ಒಂದು ಮಡುವನ್ನು ತಲೆಮಾರುಗಳ ಕಾಲ ಕಾದ ಜನ ನಾವು. ಅದೇ ತುಂಗೆ ಮೂವತ್ತು ನಲವತ್ತು ಮೈಲಿ ಹರಿದು ಶಿವಮೊಗ್ಗಕ್ಕೆ ಬರುವಾಗ ಅವಳಿಗೆ ನಾವು ಕೊಡುವುದೇನು? ರಾಜಕಾಲುವೆಗಳ ಕೊಳಚೆ. ಕೋರ್ಪಲಯ್ಯನ ಛತ್ರದ ಬಳಿ ನಿಂತು ನೋಡಿದರೆ ಸಾಕು, ಹೊಳೆಗೆ ನಾವು ಬಗೆದದ್ದು ಕಾಣುತ್ತದೆ. 2024ರ ನವೆಂಬರಿನಲ್ಲಿ ನಿರ್ಮಲ ತುಂಗಭದ್ರಾ ಅಭಿಯಾನದವರು ಶೃಂಗೇರಿಯಿಂದ ಹೊರಟು ಹೊಳೆಯ ದಂಡೆಯುದ್ದಕ್ಕೂ ನಡೆದರು. ನಡೆದವರಿಗೆ ನನ್ನ ನಮಸ್ಕಾರ. ಆ ನಡಿಗೆ ಮುಂದಿನ ಸಲ ಮೀನು ಮಾರುಕಟ್ಟೆಯೊಳಗೂ ಹಾದುಹೋಗಲಿ.

ಭದ್ರಾವತಿಯ ಮಾತು ಹೇಳುವಾಗ ನನ್ನ ಗಂಟಲು ಕಟ್ಟುತ್ತದೆ. ಕಬ್ಬಿಣ ಮತ್ತು ಕಾಗದ ಆ ಊರನ್ನು ಕಟ್ಟಿದವು. 1923ರಲ್ಲಿ ಕಬ್ಬಿಣದ ಕಾರ್ಖಾನೆ ಶುರುವಾಯಿತು, 1936ರಲ್ಲಿ ಕಾಗದದ ಕಾರ್ಖಾನೆ ಸ್ಥಾಪನೆಯಾಯಿತು. ಆ ಕುಲುಮೆಗಳ ಸಂಬಳದಲ್ಲಿ ಸಾವಿರಾರು ಮನೆಗಳ ಮಕ್ಕಳು ಓದಿದರು. ಊರಿನ, ಉದ್ಯಮದ ಕೊಳೆಯನ್ನು ದಶಕಗಳ ಕಾಲ ಹೊತ್ತವಳು ಭದ್ರೆ. ಕಾಗದದ ಕಾರ್ಖಾನೆ ನಿಂತಿತು. 2023ರ ಜನವರಿಯಲ್ಲಿ ಉಕ್ಕಿನ ಕಾರ್ಖಾನೆಯನ್ನೂ ಮುಚ್ಚುವ ನಿರ್ಧಾರ ಬಂದಾಗ ಭದ್ರಾವತಿ ಬೀದಿಗಿಳಿಯಿತು, ಇಳಿಯಲೇಬೇಕಿತ್ತು. ಒಬ್ಬೊಬ್ಬ ಕಾರ್ಮಿಕನ ಹೆಸರು, ಸೇವೆಯ ವರ್ಷ, ಬರಬೇಕಾದ ಬಾಕಿ ಎಲ್ಲ ಪುಸ್ತಕದಲ್ಲಿತ್ತು. ಹೊಳೆಯಲ್ಲಿ ಮೀನು ಕಡಿಮೆಯಾಗಿ, ಹಳೇನಗರದ ಬೀದಿಗಳಲ್ಲಿ ಬುಟ್ಟಿ ಹೊತ್ತು ಕೂಗುತ್ತಿದ್ದ ಹೆಂಗಸು ಮನೆಗೆಲಸಕ್ಕೆ ಸೇರಿದರೆ ಅದು ಯಾವ ಪುಸ್ತಕದಲ್ಲಿದೆ? ಅವಳೂ ಈ ಊರಿನ ಕಾರ್ಮಿಕಳೇ. ಅವಳು ದುಡಿಯುತ್ತಿದ್ದ ಕಾರ್ಖಾನೆಯ ಹೆಸರು ಭದ್ರೆ.

ಪ್ರತಿ ವರ್ಷ ಲಕ್ಕವಳ್ಳಿಯಲ್ಲಿ ಭದ್ರಾ ಜಲಾಶಯ ತುಂಬುವ ಹೊತ್ತಿಗೆ, ಗಾಜನೂರಿನಲ್ಲಿ ತುಂಗೆ ತುಂಬುವ ಹೊತ್ತಿಗೆ ಬಾಗಿನ ಬಿಡುತ್ತೇವೆ. ಬಾಗಿನ ಯಾರ ಆಚಾರ? ಮೊರದಲ್ಲಿ ಅರಿಶಿನ, ಕುಂಕುಮ, ಬಳೆ, ಕಣ, ಧಾನ್ಯ ಇಟ್ಟು, ಇನ್ನೊಂದು ಮೊರ ಮುಚ್ಚಿ, ಸೆರಗು ಹಿಡಿದು ಒಬ್ಬ ಹೆಂಗಸು ಇನ್ನೊಬ್ಬ ಹೆಂಗಸಿಗೆ ಕೊಡುವುದು ಬಾಗಿನ. ಹೊಳೆಯೂ ಹೆಣ್ಣೆಂದು ಬಗೆದು ನಮ್ಮ ಅಜ್ಜಿಯರು ಅವಳಿಗೂ ಕೊಟ್ಟರು. ಇಂದು ಅಣೆಕಟ್ಟಿನ ಮೇಲೆ ಬಾಗಿನ ಹಿಡಿದು ಮುಂದೆ ನಿಲ್ಲುವವರು ಹೆಚ್ಚಾಗಿ ಗಂಡಸರು: ಮಂತ್ರಿಗಳು, ಶಾಸಕರು, ಅಧಿಕಾರಿಗಳು. ಹೊಳೆಯನ್ನು ತಾಯಿ ಎನ್ನುತ್ತೇವೆ, ಗಂಗಮ್ಮ ಎನ್ನುತ್ತೇವೆ, ದೋಣಿಗೆ ದೇವಿಯ ಹೆಸರಿಡುತ್ತೇವೆ. ಮೈಲಿಗೆ ಎಂದು ಹೆಂಗಸಿಗೆ ಬಲೆ ದಾಟಬೇಡ, ದೋಣಿ ಹತ್ತಬೇಡ ಎನ್ನುವ ಕಡೆಗಳೂ ಎಷ್ಟೋ ಇವೆ. ಈ ಎರಡೂ ಮಾತು ಒಂದೇ ಬಾಯಲ್ಲಿ ಹೇಗೆ ನಿಲ್ಲುತ್ತವೆ? ಯಾವ ನಾಲಿಗೆಯಿಂದ ಹೊಳೆಯನ್ನು ತಾಯಿ ಎಂದೆವೋ ಅದೇ ನಾಲಿಗೆಯಿಂದ ಅವಳ ಮಗಳನ್ನು ‘ನಿಂಗೇನ್ ಗೊತ್ತು’ ಎಂದೆವು.

ಮೀನುಗಾರರ ಸಂಘಗಳ ಅಣ್ಣಂದಿರಲ್ಲಿ ಕೈಮುಗಿದು ಕೇಳುತ್ತೇನೆ. ನಿಮ್ಮ ಸದಸ್ಯರ ಪುಸ್ತಕ ತೆಗೆಯಿರಿ. ಎಷ್ಟು ಹೆಂಗಸರ ಹೆಸರು ಅವರದೇ ದುಡಿಮೆಯ ಬಲದ ಮೇಲೆ ಬಂದಿದೆ, ಯಾರದೋ ಹೆಂಡತಿ ಎಂದಲ್ಲದೆ? ಸಹಕಾರ ಕಾಯ್ದೆ ಆಡಳಿತ ಮಂಡಳಿಯಲ್ಲಿ ಅವರಿಗೆ ಸ್ಥಾನ ಇಟ್ಟಿದೆ. ಆ ಸ್ಥಾನದಲ್ಲಿ ಸಹಿ ಮಾತ್ರ ಕೂರಿಸಬೇಡಿ, ಮನುಷ್ಯರನ್ನು ಕೂರಿಸಿ. ಕೆರೆ ಹರಾಜಿಗೆ ಬಂದಾಗ, ಯಾವ ಮರಿ ಬಿಡಬೇಕು, ಯಾವ ತಿಂಗಳು ಬಲೆ ಎತ್ತಿಡಬೇಕು ಎಂದು ಮಾತಾಡುವಾಗ, ಮೀನು ಕುಯ್ಯುವವರನ್ನು ಮೊದಲು ಕೇಳಿ. ಸಿಡಿಮದ್ದು ಎಸೆದವನು ಯಾರು, ಹಳ್ಳಕ್ಕೆ ಮೈಲುತುತ್ತ ಸುರಿದವನು ಯಾರು ಎಂದು ಅವರಿಗೆ ಗೊತ್ತಿರುತ್ತದೆ. ಹಾಗೆ ಸತ್ತ ಮೀನು ಕೈಗೆ ಬಂದ ಕೂಡಲೆ ಅವರು ಗುರುತು ಹಿಡಿಯುತ್ತಾರೆ. ಆ ಮೀನು ನಾನು ಮಾರುವುದಿಲ್ಲ ಎಂದು ಅವರು ಹೇಳಿದ ದಿನ ನೀವು ಅವರ ಬೆನ್ನಿಗೆ ನಿಲ್ಲಿ. ಜನವರಿಯಲ್ಲಿ ಅಂಬಿಗರ ಚೌಡಯ್ಯನ ಜಯಂತಿ ಮಾಡುತ್ತೀರಿ. ಯಾರ ಮುಖಕ್ಕೂ ಹೆದರದೆ ಮಾತಾಡಿದ ಶರಣ ಅವನು. ಮುಂದಿನ ಜಯಂತಿಯ ವೇದಿಕೆಯಲ್ಲಿ ಮೊದಲ ಮಾತು ಮೀನು ಮಾರುವ ತಾಯಿಯದಾಗಲಿ.

ಮಹಾನಗರ ಪಾಲಿಕೆಯವರೇ, ಭದ್ರಾವತಿ ನಗರಸಭೆಯವರೇ, ನಿಮಗೆ ಹೊಸ ಕಾನೂನು ಬೇಕಿಲ್ಲ. 2002ರ ಜೀವವೈವಿಧ್ಯ ಕಾಯ್ದೆ ಪ್ರತಿ ಸ್ಥಳೀಯ ಸಂಸ್ಥೆಯಲ್ಲೂ ಒಂದು ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಲಿ ಎಂದಿದೆ. 2004ರ ನಿಯಮಗಳು ಅದರ ನಾಮನಿರ್ದೇಶಿತ ಸದಸ್ಯರಲ್ಲಿ ಮೂರನೇ ಒಂದು ಪಾಲಾದರೂ ಹೆಂಗಸರಿರಲಿ ಎಂದಿದ್ದವು. 2014ರ ಬೀದಿ ವ್ಯಾಪಾರಿಗಳ ಕಾಯ್ದೆಯ ಪಟ್ಟಣ ಮಾರಾಟ ಸಮಿತಿಯಲ್ಲೂ ವ್ಯಾಪಾರಿ ಪ್ರತಿನಿಧಿಗಳಲ್ಲಿ ಮೂರನೇ ಒಂದು ಪಾಲು ಹೆಂಗಸರದು. ಆ ಕುರ್ಚಿಗಳಲ್ಲಿ ತುಂಗೆಯ, ಭದ್ರೆಯ ಮೀನು ಮುಟ್ಟಿದ ಕೈಗಳು ಎಷ್ಟಿವೆ? ಒಂದು ಕುರ್ಚಿ ಕೊಡಿ. ಸಭೆಯನ್ನು ಬೆಳಿಗ್ಗೆ ಹನ್ನೊಂದಕ್ಕೆ ಕರೆಯಬೇಡಿ, ಅದು ಅವರ ವ್ಯಾಪಾರದ ಹೊತ್ತು. ಸಂಜೆ ನಾಲ್ಕಕ್ಕೆ ಕರೆಯಿರಿ. ಆ ದಿನದ ಕೂಲಿ ತುಂಬಿಕೊಡಿ. ಮಾರುಕಟ್ಟೆಯಲ್ಲಿ ನೀರು, ಶೌಚಾಲಯ, ನೆರಳು ಇಲ್ಲದೆ ಹತ್ತು ಗಂಟೆ ಕೂರುವವರಿಗೆ ಮೊದಲು ಅಷ್ಟನ್ನಾದರೂ ಮಾಡಿ. ಮೀನಿನ ತ್ಯಾಜ್ಯ ಹೊಳೆಗೆ ಹೋಗದಂತೆ ನೋಡುವುದು ಹೇಗೆಂದು ಅವರನ್ನೇ ಕೇಳಿ, ಅವರಲ್ಲಿ ಉತ್ತರವಿದೆ.

ಕೊಳ್ಳುವವರಾದ ನಮಗೆ, ನನಗೆ, ಇನ್ನೂ ಹತ್ತಿರದ ಕೆಲಸವಿದೆ. ಮುಂಗಾರಿನ ಮೊದಲ ತಿಂಗಳು ಮೊಟ್ಟೆಯ ಮೀನು ಬೇಡ ಎನ್ನೋಣ. ಬೆರಳುದ್ದದ ಬಂಗುಡೆ ಮರಿ, ಅಂಜಲ್ ಮರಿ ಅಗ್ಗಕ್ಕೆ ಸಿಕ್ಕರೂ ಕೊಳ್ಳುವುದು ಬೇಡ. ಚೌಕಾಸಿಯಲ್ಲಿ ನಾವು ಉಳಿಸಿದ ಇಪ್ಪತ್ತು ರೂಪಾಯಿ ಅಕ್ಕನ ಕೈಯಲ್ಲಿದ್ದಿದ್ದರೆ, ನಾಳೆ ಮರಿಮೀನಿನ ಪೆಟ್ಟಿಗೆ ಬಂದಾಗ ಬೇಡ ಎನ್ನಲು ಅಷ್ಟು ಧೈರ್ಯ ಅವರಿಗೆ ಬರುತ್ತಿತ್ತು. ಮನೆಯಲ್ಲಿ ಮೀನು ತೊಳೆಯುವುದು, ಮುಳ್ಳು ಬಿಡಿಸುವುದು, ವಾಸನೆಯ ಪಾತ್ರೆ ತಿಕ್ಕುವುದು ಯಾರು? ಅಣ್ಣಂದಿರೇ, ಒಂದು ತಿಂಗಳು ಆ ಕೆಲಸ ನೀವು ಮಾಡಿ ನೋಡಿ. ಮೀನಿನ ಹೊಟ್ಟೆಯಲ್ಲಿ ಏನಿದೆ ಎಂದು ನಿಮ್ಮ ಬೆರಳಿಗೂ ತಿಳಿಯಲಿ. ಮಗಳನ್ನು ಹೊಳೆಗೆ ಕರೆದೊಯ್ದು ಈಜು ಕಲಿಸಿ. ಹೊಳೆ ಗೊತ್ತಿಲ್ಲದ ಹುಡುಗಿ ನಾಳೆ ಹೊಳೆಯ ಪರ ಹೇಗೆ ಮಾತಾಡಿಯಾಳು?

ಮೊನ್ನೆ ಮತ್ತೆ ಮಾರುಕಟ್ಟೆಗೆ ಹೋಗಿದ್ದೆ. ಅಕ್ಕನ ಪಕ್ಕದಲ್ಲಿ ಒಂದು ಮಣೆ ಎಳೆದುಕೊಂಡು ಕೂತೆ. ಯಾವ ಮೀನು, ಯಾವ ತಿಂಗಳು, ಹೊಟ್ಟೆಯಲ್ಲೇನು ಎಂದು ಕೇಳಿ ಬರೆದುಕೊಳ್ಳತೊಡಗಿದೆ. ಮೊದಲು ನಾಚಿಕೊಂಡರು. ಆಮೇಲೆ ಪಕ್ಕದ ಅಂಗಡಿಯವರೂ ಸೇರಿಕೊಂಡರು; ಅದು ಜೂನಲ್ಲ, ಮೇ ಕೊನೆಗೇ ಶುರುವಾಗುತ್ತೆ ಎಂದು ಒಬ್ಬರು, ಕೆರೆಮೀನಿಗೆ ಬೇರೆ ಲೆಕ್ಕ ಎಂದು ಇನ್ನೊಬ್ಬರು ತಿದ್ದಿದರು. ಎರಡು ಗಂಟೆಯಲ್ಲಿ ನೋಟುಬುಕ್ಕಿನ ಹನ್ನೊಂದು ಪುಟ ತುಂಬಿತು. ಹೊರಡುವಾಗ ಅಕ್ಕ ಕೇಳಿದರು: “ಇದನ್ನ ಯಾರಿಗ್ ಕೊಡ್ತೀರ ಅಕ್ಕ? ಕೊಟ್ರೆ ಓದ್ತಾರಾ?”

ಸೋಮವಾರ ಪಾಲಿಕೆಗೂ, ಮೀನುಗಾರಿಕೆ ಇಲಾಖೆಗೂ ಅದರ ಪ್ರತಿ ಕೊಡಲು ಹೋಗುತ್ತಿದ್ದೇನೆ. ಅಕ್ಕ ವ್ಯಾಪಾರ ಬಿಟ್ಟು ನನ್ನ ಜತೆ ಬರುತ್ತೇನೆಂದಿದ್ದಾರೆ. ಭದ್ರಾವತಿಯ ಪುಟಗಳನ್ನು ಬರೆಯಲು ಅಲ್ಲಿಯವರು ಯಾರಾದರೂ ಬೇಕು.